ಆ ಮುದುಕ ಕತರೀನಾಳ ಹೆಸರು ಹೇಳಿಬಿಟ್ಟಿದ್ದರೆ

"ಹೀಗಾಗಿದ್ದರೆ ಏನಾಗ್ತಿತ್ತು" ಅಂತ ಇತಿಹಾಸದ ಮಾತಿಗೆ ಕೂತಾಗ, ಪೋರ್ಚುಗಲ್ ವಿಷಯ ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ದೊರೆ ಸೆಬಾಸ್ಟಿಯನ್ ಮೊರಾಕ್ಕೋಗೆ ಹೋಗದೇ ಇದ್ದಿದ್ದರೆ? ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಇಲ್ಲ. ಅವನು ಹೋಗೇ ಹೋಗುತ್ತಿದ್ದ. 1574ರಲ್ಲೇ ಒಮ್ಮೆ ಟ್ಯಾಂಜಿಯರ್‌ಗೆ ಹೋಗಿ ಬಂದಿದ್ದ. ತಲೆ ತುಂಬ ಧರ್ಮಯುದ್ಧವೇ ತುಂಬಿಕೊಂಡಿದ್ದ ಹುಡುಗ. ಯಾರ ಮಾತೂ ಕೇಳುವವನಲ್ಲ. ನನ್ನ ಪ್ರಕಾರ ದಾರಿ ಕವಲೊಡೆದದ್ದು ಅವನು ಸತ್ತ ಮೇಲೆ. ಅವನ ಜಾಗಕ್ಕೆ ಬಂದ ಮುದುಕ ಒಂದು ಹೆಸರು ಹೇಳಬೇಕಿತ್ತು. ಅಷ್ಟೇ. ಹೇಳಲಿಲ್ಲ.

1578ರ ಆಗಸ್ಟ್ 4. ಮೊರಾಕ್ಕೋದ ಅಲ್ಕಾಸೆರ್ ಕಿಬಿರ್. ಕೆಲವೇ ಗಂಟೆಗಳ ಯುದ್ಧದಲ್ಲಿ ಪೋರ್ಚುಗಲ್‌ನ ಸೈನ್ಯ ಸರ್ವನಾಶವಾಯಿತು. ಸೆಬಾಸ್ಟಿಯನ್ ಸತ್ತ, ವಯಸ್ಸು 24. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ದೊಡ್ಡ ದೊಡ್ಡ ಮನೆತನಗಳ ಗಂಡಸರು ಒಂದೋ ಸತ್ತರು, ಇಲ್ಲ ಸೆರೆಯಾದರು. ಅವರನ್ನು ಬಿಡಿಸಿಕೊಳ್ಳಲು ಮನೆಗಳಲ್ಲಿದ್ದ ಬೆಳ್ಳಿ, ಒಡವೆ ಎಲ್ಲ ಮೊರಾಕ್ಕೋಗೆ ಹೋಯಿತು.

ಸಿಂಹಾಸನ ಏರಿದವನು ಸೆಬಾಸ್ಟಿಯನ್‌ನ ತಾತನ ತಮ್ಮ ಹೆನ್ರಿಕ್. 66 ವರ್ಷ, ಕಾಯಿಲೆಯ ಮನುಷ್ಯ, ಅದರ ಮೇಲೆ ಚರ್ಚಿನ ಕಾರ್ಡಿನಲ್, ಅಂದರೆ ಮದುವೆಯಾಗುವಂತಿಲ್ಲದ ಹಿರಿಯ ಪಾದ್ರಿ. ಮದುವೆಯಾಗಲು ಅನುಮತಿ ಕೊಡಿ ಅಂತ ಪೋಪ್ ಹದಿಮೂರನೇ ಗ್ರೆಗೊರಿಯನ್ನು ಕೇಳಿಕೊಂಡ. ಸ್ಪೇನ್‌ನ ಎರಡನೇ ಫಿಲಿಪ್ ರೋಮ್‌ನಲ್ಲಿ ತನ್ನ ಪ್ರಭಾವವನ್ನೆಲ್ಲ ಬಳಸಿದ. ಅನುಮತಿ ಬರಲೇ ಇಲ್ಲ. ಹಾಗಾಗಿ ಇವನ ನಂತರ ಯಾರು ಅನ್ನುವುದನ್ನು ಇವನೇ ಹೇಳಬೇಕಾಯಿತು.

ಹಕ್ಕು ಕೇಳಿದವರು ಹಲವರು. ಮುಖ್ಯರಾದವರು ಮೂವರು. ಮೂವರೂ ಹೆನ್ರಿಕ್‌ನ ತಂದೆ ದೊರೆ ಮಾನುಯೆಲ್‌ನ ಮೊಮ್ಮಕ್ಕಳೇ. ಹೆನ್ರಿಕ್‌ನ ಅಕ್ಕ ಇಸಬೆಲ್ಲಾಳ ಮಗ ಫಿಲಿಪ್. ಅಣ್ಣ ಲೂಯಿಸ್‌ನ ಮಗ ಅಂತೋನಿಯೊ. ತಮ್ಮ ದುವಾರ್ತೆಯ ಮಗಳು ಕತರೀನಾ, ಬ್ರಗಾನ್ಸದ ಡ್ಯೂಕ್‌ನ ಹೆಂಡತಿ. ಅಂತೋನಿಯೊನ ತಾಯಿ ವಿಯೊಲಾಂತೆ ಗೋಮೆಸ್. ಆಕೆ ಮತಾಂತರಗೊಂಡ ಯಹೂದಿ ಮೂಲದವಳು ಅನ್ನುವ ಮಾತಿತ್ತು. ಲೂಯಿಸ್ ಆಕೆಯನ್ನು ಗುಟ್ಟಾಗಿ ಮದುವೆಯಾಗಿದ್ದ ಅಂತ ಅಂತೋನಿಯೊ ವಾದಿಸಿದ. ಹೆನ್ರಿಕ್‌ಗೆ ಈ ಅಣ್ಣನ ಮಗನನ್ನು ಕಂಡರೆ ಆಗುತ್ತಿರಲಿಲ್ಲ. 1579ರಲ್ಲಿ ಅವನು ಅಕ್ರಮ ಸಂತಾನ ಅಂತ ತೀರ್ಪು ಕೊಟ್ಟ.

ಅಲ್ಲಿಗೆ ಉಳಿದದ್ದು ಫಿಲಿಪ್ ಮತ್ತು ಕತರೀನಾ. ಕಾನೂನಿನ ಮಾತು ಇಲ್ಲಿ ತುಂಬ ಮುಖ್ಯ. ಫಿಲಿಪ್ ಗಂಡಸು ನಿಜ, ಆದರೆ ಅವನ ಹಕ್ಕು ಬಂದದ್ದು ಮಗಳ ಕಡೆಯಿಂದ. ಕತರೀನಾ ಹೆಂಗಸು ನಿಜ, ಆದರೆ ಅವಳ ಹಕ್ಕು ಬಂದದ್ದು ಮಗನ ಕಡೆಯಿಂದ. ಸತ್ತ ತಂದೆಯ ಜಾಗದಲ್ಲಿ ಮಕ್ಕಳು ನಿಲ್ಲಬಹುದು ಎಂದು ಒಪ್ಪಿಕೊಂಡರೆ ಕತರೀನಾಳೇ ಮುಂದೆ. ಕೊಯಿಂಬ್ರಾ ವಿಶ್ವವಿದ್ಯಾಲಯದ ಕಾನೂನು ಪಂಡಿತರು ಅವಳ ಪರವಾಗಿ ಬರೆದುಕೊಟ್ಟರು. ಅವಳ ತೀರಿಹೋದ ಅಕ್ಕನ ಮಗ ರನೂಚಿಯೊ ಅಂತ ಒಬ್ಬನಿದ್ದ, ಪಾರ್ಮಾದ ಫಾರ್ನೇಸೆ ಮನೆತನದ ಹುಡುಗ. ಅದೇ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅವನು ಕತರೀನಾಳಿಗಿಂತ ಮುಂದೆ ಬರುತ್ತಿದ್ದ. ಆದರೆ ಅವನು ವಿದೇಶಿ. ಅವನ ತಂದೆ ಫಿಲಿಪ್‌ನ ಸೇನಾಪತಿಯಾಗಿ ನೆದರ್‌ಲ್ಯಾಂಡ್ಸ್‌ನಲ್ಲಿ ಯುದ್ಧ ಮಾಡುತ್ತಿದ್ದ. ಆ ಹಕ್ಕನ್ನು ಅಲ್ಲಿ ಗಟ್ಟಿಯಾಗಿ ಎತ್ತಿ ಹಿಡಿಯುವವರು ಇರಲಿಲ್ಲ.

ಕತರೀನಾ ಯಾಕೆ ಇನ್ನಷ್ಟು ಜೋರು ಮಾಡಲಿಲ್ಲ ಅಂತ ಕೇಳುವವರು ಒಂದು ವಿಷಯ ಮರೆಯುತ್ತಾರೆ. ಅವಳ ಮಗ ತಿಯೊದೋಸಿಯೊ ಹತ್ತು ವರ್ಷದ ಹುಡುಗ. ಸೆಬಾಸ್ಟಿಯನ್ ಅವನನ್ನೂ ಆ ಯುದ್ಧಕ್ಕೆ ಕರೆದುಕೊಂಡು ಹೋಗಿದ್ದ. ಹುಡುಗ ಗಾಯಗೊಂಡು ಸೆರೆಯಾದ. ಮೊರಾಕ್ಕೋದ ಸುಲ್ತಾನ ಅವನನ್ನು 1579ರಲ್ಲಿ ಬಿಟ್ಟು ಕಳಿಸಿದ. ಆದರೆ ಹುಡುಗ ನೇರ ಮನೆಗೆ ಬರಲಿಲ್ಲ. ದಾರಿಯಲ್ಲಿ ಸ್ಪೇನ್‌ನಲ್ಲಿ, ಮೆದಿನಾ ಸಿದೋನಿಯಾ ಡ್ಯೂಕ್‌ನ ಅತಿಥಿಯಾಗಿ ತಿಂಗಳುಗಟ್ಟಲೆ ಉಳಿದುಕೊಂಡ. ಹೆಸರಿಗೆ ಅತಿಥಿ, ನಿಜಕ್ಕೂ ಒತ್ತೆಯಾಳು. ಅವನು ಪೋರ್ಚುಗಲ್‌ಗೆ ವಾಪಸ್ ಬಂದದ್ದು 1580ರ ಮಾರ್ಚ್‌ನಲ್ಲಿ, ಹೆನ್ರಿಕ್ ತೀರಿಕೊಂಡ ಮೇಲೆ. ಮಗ ಎದುರಾಳಿಯ ಮನೆಯಲ್ಲಿ ಕೂತಿರುವಾಗ ಯಾವ ತಾಯಿ ಕತ್ತಿ ಎತ್ತುತ್ತಾಳೆ ಹೇಳಿ.

ಅದಕ್ಕೇ ಆ ಮಾತು ರಾಜನ ಬಾಯಿಂದ ಬರಬೇಕಿತ್ತು. 1579ರಲ್ಲಿ ಲಿಸ್ಬನ್‌ನಲ್ಲಿ ಕೋರ್ತೆಸ್, ಅಂದರೆ ದೇಶದ ಮೂರು ವರ್ಗಗಳ ಸಭೆ, ಸೇರಿತ್ತು. ಪಾದ್ರಿಗಳು, ಶ್ರೀಮಂತರು, ಊರುಗಳ ಪ್ರತಿನಿಧಿಗಳು ಎಲ್ಲರೂ ಇದ್ದರು. ಹೆನ್ರಿಕ್ ಮೊದಮೊದಲು ಕತರೀನಾಳ ಕಡೆಗೇ ವಾಲಿದ್ದ. ಆಮೇಲೆ ಫಿಲಿಪ್‌ನ ರಾಯಭಾರಿ ಕ್ರಿಸ್ತೊವಾಂವ್ ದೆ ಮೋರಾ ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಹೋದ. ಮಗನನ್ನು ಸೆರೆಯಿಂದ ಬಿಡಿಸಲು ದುಡ್ಡು ಬೇಕಾದವರಿಗೆ ದುಡ್ಡು, ಪದವಿ ಬೇಕಾದವರಿಗೆ ಪದವಿ. 1580ರ ಜನವರಿಯಲ್ಲಿ ಅಲ್ಮೇರಿಂನಲ್ಲಿ ಸಭೆ ಮತ್ತೆ ಸೇರುವಷ್ಟರಲ್ಲಿ ಹೆನ್ರಿಕ್ ಹಾಸಿಗೆ ಹಿಡಿದಿದ್ದ. ಲಿಸ್ಬನ್‌ನ ಪ್ರತಿನಿಧಿ ಫೇಬೊ ಮೊನಿಜ್ ಅಲ್ಲಿ ಪಟ್ಟುಹಿಡಿದು ಕೇಳಿದ. ರಾಜ ಯಾರಾದರೂ ಆಗಲಿ, ಪೋರ್ಚುಗೀಸನಾಗಿರಲಿ ಅಂತ. ಮುದುಕ ಫಿಲಿಪ್ ಜತೆ ರಾಜಿಯ ಮಾತಾಡಿದ, ಅದನ್ನೂ ಮುಗಿಸಲಿಲ್ಲ. ಜನವರಿ 31, ತನ್ನ 68ನೇ ಹುಟ್ಟುಹಬ್ಬದ ದಿನವೇ ಸತ್ತ. ಐವರು ಆಡಳಿತಗಾರರನ್ನು ಬಿಟ್ಟುಹೋದ, ವಾರಸುದಾರರನ್ನು ಬಿಟ್ಟುಹೋಗಲಿಲ್ಲ.

ಈ ಹೆನ್ರಿಕ್ ನಮಗೆ ಅಪರಿಚಿತನೇನಲ್ಲ. ಇವನು ದಶಕಗಳ ಕಾಲ ಪೋರ್ಚುಗಲ್‌ನ ಮುಖ್ಯ ಇನ್‌ಕ್ವಿಸಿಟರ್ ಆಗಿದ್ದವನು, ಅಂದರೆ ಮತದ್ರೋಹದ ಆರೋಪ ಹೊತ್ತವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಮಂಡಳಿ ಇನ್‌ಕ್ವಿಸಿಷನ್‌ನ ಮುಖ್ಯಸ್ಥ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಶುರುವಾದಾಗ ಆ ಕುರ್ಚಿಯಲ್ಲಿ ಕೂತಿದ್ದವನು ಇವನೇ. ಅದರ ಕಾಟಕ್ಕೆ ಮನೆ ಮಠ ಬಿಟ್ಟು ನಮ್ಮ ಕರಾವಳಿಗೆ ಬಂದು ನೆಲೆಸಿದ ಕುಟುಂಬಗಳು ಎಷ್ಟೋ ಇವೆ. ದೂರದ ಜನರ ಬದುಕನ್ನು ತೀರ್ಮಾನಿಸಲು ಈ ಮನುಷ್ಯ ಯಾವತ್ತೂ ತಡಮಾಡಲಿಲ್ಲ. ತನ್ನ ಸ್ವಂತ ದೇಶದ ವಿಷಯಕ್ಕೆ ಬಂದಾಗ ನಾಲಿಗೆ ಏಳಲಿಲ್ಲ. ನನಗೆ ಅವನ ಮೇಲೆ ನಿಜವಾಗಿಯೂ ಸಿಟ್ಟಿದೆ.

ಹೆನ್ರಿಕ್ ಸತ್ತ ಮೇಲಿನದು ಬೇಗ ಮುಗಿಯಿತು. ಅದೇ 1580ರ ಜೂನ್‌ನಲ್ಲಿ ಸಾಂತಾರೆಮ್ ಊರಿನ ಜನ ಅಂತೋನಿಯೊನನ್ನು ರಾಜ ಅಂತ ಕೂಗಿದರು. ಆಗಸ್ಟ್ 25ರಂದು ಲಿಸ್ಬನ್ ಪಕ್ಕದ ಅಲ್ಕಾಂತರದಲ್ಲಿ ಫಿಲಿಪ್‌ನ ಸೇನಾಪತಿ ಆಲ್ಬಾ ಡ್ಯೂಕ್‌ನ ಸೈನ್ಯ ಅವನನ್ನು ಮುರಿಯಿತು. 1581ರ ಏಪ್ರಿಲ್‌ನಲ್ಲಿ ತೊಮಾರ್‌ನಲ್ಲಿ ಫಿಲಿಪ್ ಪೋರ್ಚುಗಲ್‌ನ ರಾಜನಾದ.

ಈಗ ನನ್ನ ಕಲ್ಪನೆ. 1579ರ ಬೇಸಿಗೆಯಲ್ಲಿ, ಲಿಸ್ಬನ್ ಸಭೆಯ ಮುಂದೆ, ಹೆನ್ರಿಕ್ ಕತರೀನಾಳ ಹೆಸರು ಹೇಳುತ್ತಾನೆ. ಮೂರೂ ವರ್ಗದವರು ಪ್ರಮಾಣ ಮಾಡುತ್ತಾರೆ. ಫಿಲಿಪ್ ಸುಮ್ನೆ ಕೂರುತ್ತಿದ್ದನಾ? ಖಂಡಿತ ಇಲ್ಲ. ಆದರೆ ಆ ಹೊತ್ತಿಗೆ ಅವನ ಕೈ ಎಷ್ಟು ಕಟ್ಟಿತ್ತು ನೋಡಿ. ನೆದರ್‌ಲ್ಯಾಂಡ್ಸ್ ಹೊತ್ತಿ ಉರಿಯುತ್ತಿತ್ತು, ಅದೇ ವರ್ಷ ಅಲ್ಲಿ ಫಿಲಿಪ್ ವಿರುದ್ಧ ಬಂಡೆದ್ದ ಪ್ರಾಂತ್ಯಗಳು ಸೇರಿ ಉತ್ರೆಕ್ಟ್ ಒಕ್ಕೂಟ ಕಟ್ಟಿದ್ದವು. ಆಲ್ಬಾ ಡ್ಯೂಕ್ ರಾಜನ ಅವಕೃಪೆಗೆ ಸಿಕ್ಕಿ ಉಸೇದಾ ಊರಿನಲ್ಲಿ ಬಂಧನದಲ್ಲಿದ್ದ. ಅವನನ್ನು ಮತ್ತೆ ಕರೆಸಿಕೊಂಡದ್ದು 1580ರಲ್ಲಿ. ಹೆನ್ರಿಕ್‌ನ ಮೌನ ಫಿಲಿಪ್‌ಗೆ ಕೊಟ್ಟದ್ದು ಸೈನ್ಯ ಕೂಡಿಸುವ ಟೈಮ್. ಜತೆಗೆ, ನಾನು ನ್ಯಾಯವಾದ ವಾರಸುದಾರ ಅಂತ ಹೇಳಿಕೊಳ್ಳುವ ಅವಕಾಶ. ಕತರೀನಾ ಪ್ರಮಾಣ ಪಡೆದ ರಾಣಿಯಾಗಿದ್ದರೆ ಅವನು ಬರೀ ದಂಡೆತ್ತಿ ಬಂದ ಪಕ್ಕದ ರಾಜ. 1385ರಲ್ಲಿ ಅಲ್ಜುಬರೋಟಾದಲ್ಲಿ ಹಾಗೆ ಬಂದ ಕ್ಯಾಸ್ಟೀಲ್‌ನ ರಾಜ ಹೇಗೆ ಸೋತು ಓಡಿದ ಅಂತ ಪೋರ್ಚುಗಲ್‌ನ ಮಕ್ಕಳಿಗೂ ಗೊತ್ತಿತ್ತು.

ಸೈನ್ಯವೇ ಇಲ್ಲದ ದೇಶ, ಲಿಸ್ಬನ್‌ನಲ್ಲಿ ಪ್ಲೇಗ್ ಬೇರೆ, ಹೇಗೂ ಸೋಲುತ್ತಿತ್ತು ಅನ್ನುವವರ ಮಾತಿನಲ್ಲಿ ತೂಕವಿದೆ. ಸೋಲುವ ಸಾಧ್ಯತೆ ಇತ್ತು. ಆದರೂ ಶ್ರೀಮಂತರು ಅಂತೋನಿಯೊನನ್ನು ಕೈಬಿಟ್ಟ ಹಾಗೆ ಬ್ರಗಾನ್ಸ ಮನೆತನವನ್ನು ಬಿಡುತ್ತಿರಲಿಲ್ಲ. ದೇಶದಲ್ಲಿ ರಾಜಮನೆತನ ಬಿಟ್ಟರೆ ಅಷ್ಟು ಜಮೀನು, ಅಷ್ಟು ಜನಬಲ ಇದ್ದದ್ದು ಅವರಿಗೇ.

ಲಿಸ್ಬನ್ ಫಿಲಿಪ್‌ಗೆ ಸಿಗದಿದ್ದರೆ? 1588ರಲ್ಲಿ ಇಂಗ್ಲೆಂಡಿನ ಮೇಲೆ ಹೊರಟ ಸ್ಪೇನ್‌ನ ಯುದ್ಧನೌಕಾಪಡೆ ಆರ್ಮಡಾ ಹೊರಟದ್ದೇ ಲಿಸ್ಬನ್‌ನಿಂದ. ಅದರ ಮುಖ್ಯ ಹಡಗು ಸಾವ್ ಮಾರ್ತಿನ್ಯೂ ಪೋರ್ಚುಗಲ್‌ನದು. ಅದಕ್ಕಿಂತ ದೊಡ್ಡ ವಿಷಯ ನೆದರ್‌ಲ್ಯಾಂಡ್ಸ್‌ನ ಡಚ್ಚರದು. ಅವರು ಸೆತೂಬಲ್‌ನಿಂದ ಉಪ್ಪು, ಲಿಸ್ಬನ್‌ನಿಂದ ಕಾಳುಮೆಣಸು ಕೊಂಡು ಬದುಕುತ್ತಿದ್ದರು. ಅವರು ಬಂಡೆದ್ದದ್ದು ಫಿಲಿಪ್ ವಿರುದ್ಧ. ಫಿಲಿಪ್ ಪೋರ್ಚುಗಲ್‌ನ ರಾಜನಾದ ಮೇಲೆ ಪೋರ್ಚುಗಲ್ ಕೂಡ ಅವರಿಗೆ ಶತ್ರುವಾಯಿತು. ಲಿಸ್ಬನ್‌ನಲ್ಲಿ ಅವರ ಹಡಗುಗಳನ್ನು ಮತ್ತೆ ಮತ್ತೆ ಜಪ್ತಿ ಮಾಡಿದರು. 1595ರಲ್ಲಿ ಅವರ ಮೊದಲ ಹಡಗುಗಳು ತಾವೇ ಏಷ್ಯಾದ ಕಡೆ ಹೊರಟವು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಬಂತು. ಡಚ್ಚರು ಒಂದಲ್ಲ ಒಂದು ದಿನ ಬರುತ್ತಲೇ ಇದ್ದರು, ಒಪ್ಪುತ್ತೇನೆ. ಆದರೆ ಲಿಸ್ಬನ್ ಬಾಗಿಲು ತೆರೆದಿದ್ದರೆ ಅಷ್ಟು ಬೇಗ, ಅಷ್ಟು ದ್ವೇಷದಿಂದ ಬರುತ್ತಿರಲಿಲ್ಲ.

ಇದರ ಬಿಸಿ ನಮ್ಮ ತೀರಕ್ಕೂ ತಟ್ಟಿತು. 1568-69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಿಡಿದು ಕೂತಿದ್ದರು. ಬಸರೂರಿನ ಅಕ್ಕಿ, ಗೇರುಸೊಪ್ಪೆ ಸೀಮೆಯ ಮೆಣಸು ಅವರಿಗೆ ಬೇಕೇ ಬೇಕಿತ್ತು. 1636ರಿಂದ ಡಚ್ಚರು ವರ್ಷ ವರ್ಷವೂ ಗೋವಾದ ಸಮುದ್ರದ ಬಾಗಿಲನ್ನೇ ಮುಚ್ಚಿ ನಿಂತರು. ಹಾಗೆ ಬಡಕಲಾಗಿದ್ದ ಪೋರ್ಚುಗೀಸರನ್ನೇ ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಈ ಕೋಟೆಗಳಿಂದ ಓಡಿಸಿದ್ದು. ಕತರೀನಾ ರಾಣಿಯಾಗಿದ್ದರೆ ಅವನ ಕೆಲಸ ಇನ್ನೂ ಕಷ್ಟವಾಗುತ್ತಿತ್ತು, ಇದನ್ನು ಮುಚ್ಚಿಡುವುದಿಲ್ಲ. ಪೋರ್ಚುಗಲ್‌ಗೆ ಆದ ಅನ್ಯಾಯ ನಮ್ಮ ಕರಾವಳಿಗೆ ಅನುಕೂಲವಾಯಿತು. ಹಾಗಂತ ಅದು ಅನ್ಯಾಯ ಅಲ್ಲದೇ ಹೋಗುವುದಿಲ್ಲ ಅಲ್ವಾ?

ಕತರೀನಾ 1614ರಲ್ಲಿ ತೀರಿಕೊಂಡಳು. 1640ರ ಡಿಸೆಂಬರ್ 1ರಂದು ಲಿಸ್ಬನ್‌ನ ಶ್ರೀಮಂತರು ಅರಮನೆಗೆ ನುಗ್ಗಿ, ಸ್ಪೇನ್ ಪರವಾಗಿದ್ದ ಕಾರ್ಯದರ್ಶಿ ವಾಸ್ಕೊನ್ಸೆಲೊಸ್‌ನನ್ನು ಕೊಂದು ಕಿಟಕಿಯಿಂದ ಕೆಳಗೆ ಎಸೆದರು. ಅವರು ರಾಜ ಅಂತ ಕೂಗಿದ್ದು ಬ್ರಗಾನ್ಸದ ಜೊವಾಂವ್‌ನನ್ನು. ಅವನು ಒತ್ತೆಯಾಳಾಗಿದ್ದ ಆ ತಿಯೊದೋಸಿಯೊನ ಮಗ, ಕತರೀನಾಳ ಮೊಮ್ಮಗ. ಅಜ್ಜಿಯ ಅದೇ ಹಕ್ಕಿನ ಮೇಲೆಯೇ ಅವನನ್ನು ಸಿಂಹಾಸನದಲ್ಲಿ ಕೂರಿಸಿದರು. ಆ ಹೊತ್ತಿಗೆ ಬ್ರೆಜಿಲ್‌ನ ಪೆರ್ನಾಂಬುಕೊ ಡಚ್ಚರ ಕೈಯಲ್ಲಿತ್ತು. ಆರೇ ವಾರಕ್ಕೆ ಮಲಕ್ಕಾ ಹೋಯಿತು. 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿ. ಸ್ಪೇನ್ ಪೋರ್ಚುಗಲ್‌ನ ಸ್ವಾತಂತ್ರ್ಯ ಒಪ್ಪಿಕೊಂಡದ್ದು 1668ರಲ್ಲಿ, 28 ವರ್ಷದ ಯುದ್ಧದ ಮೇಲೆ.