ಚಿಕ್ಕಮ್ಮನ ಮನೆ ರೂಮು, 56 ಹರ್ಟ್ಸು

ನಾನು ಬರ್ಲಿನ್‌ಗೆ ಬಂದು ಎಂಟು ವರ್ಷ ಆಯ್ತು, ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಹನುಮಂತನಗರ. ಹೊಟ್ಟೆಪಾಡಿಗೆ ಸಾಫ್ಟ್‌ವೇರು, ರಾತ್ರಿ ಹೊತ್ತು ಟೆಕ್ನೋ, ಹೌಸು ಅಂತ ಕ್ಲಬ್ಬಲ್ಲಿ ಕುಣಿಯೋ ಸಂಗೀತಾನ ಕಂಪ್ಯೂಟರಲ್ಲಿ ಮಿಕ್ಸ್ ಮಾಡೋ, ಅಂದ್ರೆ ಒಂದೊಂದು ವಾದ್ಯದ ಸೌಂಡನ್ನ ಹದವಾಗಿ ಬೆರೆಸೋ ಚಟ. ಈ ಸಲ ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಮ್ಮನ ಮಗ ಕಾಫಿ ಲೋಟ ಕೆಳಗಿಡೋಕೂ ಬಿಡದೆ ರೂಮಿಗೆ ಎಳ್ಕೊಂಡು ಹೋದ. "ಅಣ್ಣಾ, ಒಂದು ಟ್ರ್ಯಾಕ್ ಮಾಡಿದೀನಿ, ಡ್ರಾಪಲ್ಲಿ ಪಂಚೇ ಬರ್ತಿಲ್ಲ, ಸ್ವಲ್ಪ ನೋಡಣ್ಣ." ಡ್ರಾಪ್ ಅಂದ್ರೆ ಬೀಟ್ ಪೂರ್ತಿ ಜೋರಾಗಿ ಬಂದು ಬೀಳೋ ಜಾಗ, ಪಂಚ್ ಅಂದ್ರೆ ಅದರ ಗುದ್ದು.

ನೋಡಿದೆ. ಕಿಕ್, ಅಂದ್ರೆ ಢಮ್ ಢಮ್ ಅನ್ನೋ ದೊಡ್ಡ ಡ್ರಮ್ಮು, ಅದರ ಮೇಲೆ 50 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ದಪ್ಪ ಸ್ವರ) ಹತ್ರ 6 ಡಿಬಿ (ಸೌಂಡಿನ ಜೋರಿನ ಅಳತೆ) ಏರಿಸಿದಾನೆ. ಬೇಸ್ ಮೇಲೆ ಅದೇ ಜಾಗದಲ್ಲಿ 5 ಡಿಬಿ. ಅದರ ಮೇಲೆ ಡೊಳ್ಳಿನ ಸ್ಯಾಂಪಲ್ಲು, ತಮಟೆ, ನಾದಸ್ವರದ ಲೀಡು (ಮುಖ್ಯ ರಾಗ), ಎರಡು ಪ್ಯಾಡು (ಹಿಂದೆ ಎಳೆದು ಹಿಡಿಯೋ ಸ್ವರಗಳು), ಒಬ್ಬ ಹಾಡೋನು. ಒಂದೊಂದನ್ನೇ ಸೋಲೋ ಮಾಡಿ ಕೇಳಿದ್ರೆ ಎಲ್ಲಾ ಭರ್ಜರಿ, ಒಟ್ಟಿಗೆ ಬಿಟ್ರೆ ಭಾನುವಾರ ಸಂಜೆ ಗಾಂಧಿ ಬಜಾರಿನ ಗದ್ದಲ.

ನಾನು ಬೆಂಗಳೂರಲ್ಲಿದ್ದಾಗ ಮಾಡ್ತಿದ್ದಿದ್ದೂ ಇದೇ, ಅದಕ್ಕೇ ನಗು ಬಂತು. ನಮ್ಮ ಕಡೆ ಯಾವ್ದಾದ್ರೂ ಕೇಳ್ತಿಲ್ಲ ಅಂದ್ರೆ ಅದನ್ನ ಜಾಸ್ತಿ ಮಾಡು ಅಂತಾರೆ. ಬರ್ಲಿನ್‌ಗೆ ಬಂದ ಹೊಸದ್ರಲ್ಲಿ ಒಬ್ಬ ಸ್ಟುಡಿಯೋದವನ ಹತ್ರ ನನ್ನ ಟ್ರ್ಯಾಕ್ ತಗೊಂಡು ಹೋಗಿದ್ದೆ, ಆ ಮನುಷ್ಯ ಇಕ್ಯೂನ (ಬೇಕಾದ ಹರ್ಟ್ಸನ್ನ ಮಾತ್ರ ಏರಿಸಿ ಇಳಿಸೋ ಸಾಧನ) ಮುಟ್ಟಲೇ ಇಲ್ಲ, ಫೇಡರ್ (ಸೌಂಡಿನ ಜಾರುಗುಂಡಿ) ಎಲ್ಲಾ ಕೆಳಗಿಳಿಸಿ ಬರೀ ಕಿಕ್ ಮೇಲೆತ್ತಿದ, ಆಮೇಲೆ ಬೇಸು, ಆಮೇಲೆ ಚಿಸ್ ಚಿಸ್ ಅನ್ನೋ ಹ್ಯಾಟು, ನಾಲ್ಕನೇದು ಬಂದಾಗ ಕಿಕ್ ಮಂಕಾಯ್ತು ನೋಡಿ, ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದ. ಕೇಳ್ತಿಲ್ಲ ಅಂದ್ರೆ ಯಾರು ಮುಚ್ತಿದಾರೆ ಅಂತ ಹುಡುಕು, ಅದು ಅವನ ಲೆಕ್ಕ. ಮುಚ್ತಿದ್ದ ಪ್ಯಾಡನ್ನ ಡಿಲೀಟೇ ಮಾಡಿಸಿದ. ನನ್ನ ಎರಡು ವಾರದ ಕೆಲಸ ಅದು, ಹೊಟ್ಟೆ ಉರಿದೋಯ್ತು.

ತಮ್ಮನ ಟ್ರ್ಯಾಕಿಗೂ ಅದನ್ನೇ ಮಾಡೋಕೆ ಕೂತೆ. ಆದ್ರೆ ಒಂದು ವಿಚಿತ್ರ ಕಾಣಿಸ್ತು, ಅವನ ಕುರ್ಚಿ ಮೇಲೆ ಕೂತ್ರೆ ಕಿಕ್ ನಿಜವಾಗ್ಲೂ ಸಣ್ಣಗೆ ಕೇಳ್ತಿದೆ, ಎದ್ದು ಹೋಗಿ ಬೀರು ಪಕ್ಕ ಮೂಲೇಲಿ ನಿಂತ್ರೆ ಎದೆಗೆ ಗುದ್ದೋ ಹಾಗೆ ಢಮ್ ಅಂತಿದೆ. ರೂಮು ಹತ್ತಕ್ಕೆ ಹನ್ನೆರಡು ಅಡಿ, ಎತ್ತರಾನೂ ಹತ್ತೇ, ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ, ಕುರ್ಚಿ ಸರಿಯಾಗಿ ರೂಮಿನ ಮಧ್ಯ. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತೆ ಅಂತ ಇಟ್ಕೊಂಡ್ರೆ ಹನ್ನೆರಡು ಅಡಿ ದೂರದ ಗೋಡೆಗಳ ಮಧ್ಯ 47 ಹರ್ಟ್ಸಿನ ಅಲೆ ಇದ್ದ ಜಾಗದಲ್ಲೇ ಕುಣೀತಾ ನಿಂತ್ಬಿಡುತ್ತೆ, ಹತ್ತಡಿಗೆ 56, ಅಗಲಕ್ಕೂ ಎತ್ತರಕ್ಕೂ ಅದೇ 56. ಈ ಅಲೆಗಳು ಗೋಡೆ ಹತ್ರ ಜೋರು, ನಟ್ಟನಡುವೆ ಸೊನ್ನೆ. ಕಿಕ್‌ನ ಜೀವ ಇರೋದೇ ಸುಮಾರು 45ರಿಂದ 60ರಲ್ಲಿ. ಅಂದ್ರೆ ಹುಡುಗ ಕಿವುಡನಲ್ಲ, ಕೂತಿದ್ದ ಜಾಗ ತಪ್ಪು. ಅವನು ಏರಿಸಿದ 6 ಡಿಬಿ ಆ ಕುರ್ಚಿ ಮೇಲೆ ಮಾತ್ರ ಸರಿ, ಫ್ರೆಂಡ್ ಕಾರಲ್ಲಿ ಹಾಕಿದಾಗ ಡ್ಯಾಶ್‌ಬೋರ್ಡ್ ಒದರಿದ್ದು ಅದಕ್ಕೇ.

ಟೇಬಲ್ಲು, ಕುರ್ಚಿ ಎರಡನ್ನೂ ಹನ್ನೆರಡಡಿ ಉದ್ದದ ಮಧ್ಯದಿಂದ ಮುಂದಕ್ಕೆ ತಳ್ಳಿದ್ವಿ. "ಏನ್ರೋ ಅದು, ಅಟ್ಟದ ಮೇಲಿನ ಡಬ್ಬ ಎಲ್ಲಾ ಗಡಗಡ ಅಂತಿದೆ" ಅಂತ ಚಿಕ್ಕಮ್ಮ ಅಡುಗೆಮನೆಯಿಂದ. ಹಂಗಂದ್ಮೇಲೆ ತಮ್ಮ ಸೌಂಡು ಇಳಿಸಿದ, ಇಳಿಸಿದ ತಕ್ಷಣ ಅವನ ಕೈ ಮತ್ತೆ ಬೇಸ್ ಏರಿಸೋಕೆ ಹೋಯ್ತು! ಇದೂ ನಮ್ಮ ಹಳೇ ರೋಗ. ಸಣ್ಣ ಸೌಂಡಲ್ಲಿ ಕಿವಿಗೆ ಬೇಸ್ ಕಮ್ಮಿ ಕೇಳೋದು ಸಹಜ, ಫ್ಲೆಚರ್, ಮನ್ಸನ್ ಅನ್ನೋ ಇಬ್ರು 1933ರಲ್ಲೇ ಅಳೆದು ಗ್ರಾಫ್ ಹಾಕಿಟ್ಟಿದಾರೆ. ರಾತ್ರಿ ಪಕ್ಕದ ಮನೆ ಆಂಟಿಗೆ ಹೆದರಿ ಸಣ್ಣಗೆ ಇಟ್ಕೊಂಡು ಮಿಕ್ಸ್ ಮಾಡಿದ್ರೆ ಬೆಳಿಗ್ಗೆ ಎಲ್ಲಾ ಗುಂಯ್ ಗುಂಯ್. (ಬರ್ಲಿನ್ ಅಂದ್ರೆ ಇಪ್ಪತ್ನಾಲ್ಕು ಗಂಟೆ ಡಂಗ್ ಡಂಗ್ ಅನ್ಕೋಬೇಡಿ, ಮನೆಗಳಲ್ಲಿ ಅಲ್ಲೂ ರಾತ್ರಿ 10ರಿಂದ 6ರವರೆಗೆ ನಿಶ್ಶಬ್ದ ಇರ್ಬೇಕು, ಭಾನುವಾರ ಅಂತೂ ಇಡೀ ದಿನ.)

ಆಮೇಲೆ ಬೇಸಲ್ಲಿ ಏರಿಸಿದ್ದನ್ನ ತೆಗೆದು ಕಿಕ್‌ಗೆ ಜಾಗ ಬಿಟ್ವಿ, ಕಿಕ್ ಬಿದ್ದಾಗೆಲ್ಲ ಬೇಸ್ ತಾನೇ ತಗ್ಗೋ ಹಾಗೆ ಸೈಡ್‌ಚೈನ್ ಹಾಕಿದ್ವಿ. 128 ಬಿಪಿಎಂ (ನಿಮಿಷಕ್ಕೆ 128 ಬೀಟು) ಅಂದ್ರೆ ಒಂದು ಕಿಕ್ಕಿಂದ ಇನ್ನೊಂದಕ್ಕೆ 469 ಮಿಲಿಸೆಕೆಂಡು, ಅಷ್ಟರೊಳಗೆ ಬೇಸ್ ಬಗ್ಗಿ ಮತ್ತೆ ಎದ್ದು ನಿಲ್ಬೇಕು. ಪ್ಯಾಡು, ತಮಟೆ, ಡೊಳ್ಳಿನ ಮೈ ಎಲ್ಲಾ 200ರಿಂದ 400ರಲ್ಲಿ ಬಂದು ಗುಡ್ಡೆ ಹಾಕ್ಕೊಂಡಿತ್ತು, ಅಲ್ಲಿ ಬಿಎಂಟಿಸಿ ಕಂಡಕ್ಟರ್ ಥರ ಒಳಗಡೆ ನಡೀರಿ, ನಡೀರಿ ಅನ್ನದೆ ವಿಧಿ ಇಲ್ಲ, ಪ್ಯಾಡಿಗೆ ಹೈಪಾಸ್ ಹಾಕಿ ಅದರ ಕೆಳಗಿನ ಸ್ವರ ಎಲ್ಲಾ ಸೋಸಿ ತೆಗೆದ್ವಿ. ನಾದಸ್ವರದ ಚೂಪು, ಹಾಡೋನ ಮಾತಿನ ಸ್ಪಷ್ಟತೆ ಎರಡೂ 2ರಿಂದ 4 ಕಿಲೋಹರ್ಟ್ಸಲ್ಲಿ ಜಗಳ ಆಡ್ತವೆ, ಅಲ್ಲಿ ನಾನು ಇಕ್ಯೂ ಮುಟ್ಟಲಿಲ್ಲ, ಹಾಡೋವಾಗ ನಾದಸ್ವರಾನ ಮ್ಯೂಟ್ ಮಾಡು ಅಂದೆ. ಅವನಿಗೆ ಇಷ್ಟ ಆಗ್ಲಿಲ್ಲ. ನನ್ನ ಆ ಪ್ಯಾಡು ನೆನಪಾಯ್ತು.

ಇದನ್ನೆಲ್ಲಾ ಬರ್ಲಿನ್‌ಗೆ ಹೋಗಿ ಕಲಿಬೇಕಿತ್ತಾ ಅನ್ಸುತ್ತೆ ಒಂದೊಂದ್ಸಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ತಾತ ಕರ್ಕೊಂಡು ಹೋಗ್ತಿದ್ರು, ಮೃದಂಗದವರು ಕಲ್ಲು ಹಿಡ್ಕೊಂಡು ಕಟ್ ಕಟ್ ಅಂತ ಬಲಗಡೆನ ಹಾಡೋರ ಶ್ರುತಿಗೆ ಸೇರಿಸ್ತಾರೆ, ಎಡಗಡೆಗೆ ರವೆ ಕಲಸಿ ಮೆತ್ತಿ ಗುಂಕಿ, ಅಂದ್ರೆ ದಪ್ಪನೆ ಗುಂ ಅನ್ನೋ ನಾದ, ಬರಿಸ್ತಾರೆ. ಟ್ರ್ಯಾಕಿನ ಕೀ, ಅಂದ್ರೆ ಶ್ರುತಿ, 'ಎ' ಇದ್ರೆ ಕಿಕ್‌ನ 55 ಹರ್ಟ್ಸಿಗೆ ಟ್ಯೂನ್ ಮಾಡೋದು ಇದೇ ತಾನೇ. ಪಿಟೀಲು ಹಾಡಿನ ಮೇಲೆ ಬೀಳಲ್ಲ, ಹಿಂದೆ ಬರುತ್ತೆ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಮಗೆ ಅದ್ಯಾಕೋ ಎಲ್ಲಾರೂ ಒಟ್ಟಿಗೆ ಬೇಕು.

ಹಂಗಂತ ಬರ್ಲಿನವರದ್ದೇ ಸರಿ ಅಂತಾನೂ ನಾನು ಹೇಳಲ್ಲ. ಮಾರನೇ ದಿನ ಆಟೋದಲ್ಲಿ ಹೋಗ್ತಾ ನನ್ನದೇ ಒಂದು ಮಿಕ್ಸ್ ಫೋನಲ್ಲಿ ಹಾಕಿ ತೋರಿಸಿದೆ, ಕ್ಲಬ್ಬಲ್ಲಿ ಜನ ಕುಣಿದಿರೋ ಮಿಕ್ಸ್ ಅದು. ತಮ್ಮ ಫೋನ್ ಕಿವಿಗಿಟ್ಕೊಂಡು "ಬೇಸ್ ಎಲ್ಲಿದೆಯಣ್ಣ?" ಅಂದ. ಇರ್ಲೇ ಇಲ್ಲ! ಫೋನ್ ಸ್ಪೀಕರಲ್ಲಿ 200 ಹರ್ಟ್ಸಿಗಿಂತ ಕೆಳಗೆ ಹೆಚ್ಚೂ ಕಮ್ಮಿ ಏನೂ ಬರಲ್ಲ, ನನ್ನ ಬೇಸ್ ಇದ್ದಿದ್ದು ಬರೀ 50ರಲ್ಲಿ. ಅಲ್ಲಿ ದೊಡ್ಡ ಸಬ್‌ವೂಫರ್ ನಂಬ್ಕೊಂಡು ಮಾಡ್ತಾರೆ, ಇಲ್ಲಿ ಹಾಡು ಮೊದಲು ಕೇಳೋದೇ ಫೋನಲ್ಲಿ, ಆಟೋ ಸ್ಪೀಕರಲ್ಲಿ. ತಮ್ಮನ ಬೇಸಿಗೆ ಸ್ವಲ್ಪ ಡಿಸ್ಟಾರ್ಷನ್ (ಸೌಂಡನ್ನ ಬೇಕಂತಲೇ ಒರಟು ಮಾಡೋದು) ಇತ್ತು, ಅದರಿಂದ 100, 150, 200, 250 ಅಂತ ಮೇಲಿನ ಪದರಗಳು ಹುಟ್ಕೋತವೆ, ಕೆಳಗಿನ 50 ಇಲ್ದಿದ್ರೂ ಮೆದುಳು ಅದನ್ನ ತಾನೇ ತುಂಬ್ಕೊಳ್ಳುತ್ತೆ. ಕಿವಿಗೆ ಕೇಳಿದ ಹಾಗೆ ಗುಂಡಿ ತಿರುಗಿಸಿ ಹಾಕಿದ್ದಂತೆ, ಯಾರೂ ಹೇಳಿಕೊಟ್ಟಿಲ್ಲ.

ವಾಪಸ್ ಬಂದ್ಮೇಲೆ ನನ್ನ ಬೇಸಿಗೂ ಅದನ್ನೇ ಹಾಕಿದೆ. ಸ್ಟುಡಿಯೋದವನು ಕೇಳಿ, 150ರಲ್ಲಿ ಸ್ವಲ್ಪ ಜಾಸ್ತಿ ಆಯ್ತು, ಕತ್ತರಿಸು ಅಂದ. ಕತ್ತರಿಸಲಿಲ್ಲ, ಹಂಗೇ ತಮ್ಮನ ಫೋನಿಗೆ ಕಳಿಸಿದೀನಿ.