ಬಿಳಿ ಒಂದರ ಪಂಚಮ, ಒಂದೆಳೆ ಏರು

ಹಾಡು ನಿಲ್ಲಿಸಿದೆ. ಗಾಯಕರು ನಿಂತರು, ತಬಲಾ ನಿಂತಿತು, ತಂಬೂರಿ ನಿಲ್ಲಲಿಲ್ಲ.

ಹೊಸ ಹೆಡ್‌ಫೋನ್ ಆಂಪ್ಲಿಫೈಯರ್ ಬಂದ ಮೇಲೆ ಕುಮಾರ ಗಂಧರ್ವರ ಹಳೇ ಧ್ವನಿಮುದ್ರಿಕೆಗಳನ್ನು ನಮ್ಮ ಮನೆಯಲ್ಲಿ ಕೇಳಿದವರೆಲ್ಲ "ತಂಬೂರಿ ಏನ್ ತುಂಬಿ ಬರ್ತೈತ್ರಿ!" ಎಂದು ತಲೆದೂಗಿ, ಚಹಾ ಕುಡಿದು ಹೋಗಿದ್ದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಗಾಯಕರಿಗೆ ವಿಜಯಪುರದ ಕರೆಂಟು ತಾನಾಗಿಯೇ ಬಂದು, ಹೆಡ್‌ಫೋನಿನಲ್ಲಿ ಗುಂಯ್ ಎಂದು ಶ್ರುತಿ ಹಿಡಿದು ಕೂತಿತ್ತು.

ಶಬ್ದದ ವಿಷಯದಲ್ಲಿ ನಮ್ಮೂರಿನವರಿಗೆ ಮೊದಲೇ ಸ್ವಲ್ಪ ಜಂಬ. 1656ರ ಗೋಳಗುಮ್ಮಟದಲ್ಲಿ ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಗೋಡೆಯ ಹತ್ತಿರ ನಿಂತವನಿಗೆ ಕೇಳುತ್ತದೆ, ಅದೂ ಒಂದು ವಯರೂ ಇಲ್ಲದೆ. ನನ್ನ ಆಂಪ್ ಕಿವಿಯಿಂದ ಒಂದು ಮೊಳ ದೂರದಲ್ಲಿತ್ತು. ಅಷ್ಟರಲ್ಲೇ ಗುಂಯ್ ಎನ್ನುತ್ತಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಅಪ್ಪ, "ಅದನ್ನ ಕಿವಿಗೆ ಹಚ್ಚಬ್ಯಾಡ, ತಾನ ಹೋಗ್ತೈತಿ" ಎಂದರು. ವಾದ ಮಾಡಲು ಬರುವಂಥದ್ದಲ್ಲ. ಎದುರು ಮನೆಯವರು, ಅರ್ಥಿಂಗ್ ಗುಂಡಿ ಒಣಗಿರತೈತಿ, ಉಪ್ಪು-ಇದ್ದಿಲು ಹಾಕಿ ನಾಕು ಕೊಡ ನೀರು ಬಿಡ್ರಿ ಎಂದರು. ಮಾತೇನೋ ಖರೇ. ಏಪ್ರಿಲ್ಲಿನಲ್ಲಿ ನಮ್ಮ ಎರೆಮಣ್ಣು ಅಂಗೈ ತೂರುವಷ್ಟು ಬಾಯಿ ಬಿಟ್ಟಿರುತ್ತದೆ. ಒಣ ಮಣ್ಣಿನೊಳಗೆ ಕರೆಂಟು ಸರಾಗ ಇಳಿಯುವುದಿಲ್ಲ, ಆಗ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಆದರೆ ಕೊಡ ಎತ್ತಿದ್ದನ್ನು ಅವ್ವ ನೋಡಿಬಿಟ್ಟಳು. "ನಳದ ನೀರು ದಿನಾ ಬರಂಗಿಲ್ಲ. ಭೂಮ್ತಾಯಿಗೆ ಉಪ್ಪಿನ ಸಾರು ಕುಡಸಾಕ ಹೊಂಟೀಯೇನು?" ಕಡೆಗೆ ಅರಿವೆ ಒಗೆದ ನೀರು ಬಿಟ್ಟೆವು. ಗುಂಡಿ ತಣ್ಣಗಾಯಿತು, ಗುಂಯ್ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಬಂದ ವಯರ್‌ಮನ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: "ಪ್ಲಗ್ಗಿನ ಮೂರನೇ ಪಿನ್ ಮುರದು ಒಗೀರಿ ಸರ. ಗಪ್ ಆಗ್ತೈತಿ." ಗಪ್ ಆಗುತ್ತದೆ ಎಂಬುದು ನಿಜ. ಸಮಸ್ಯೆ ಏನೆಂದರೆ, ಯಾವತ್ತೋ ಒಂದು ದಿನ ಒಳಗಿನ ವಯರು ಜಾರಿ ಆಂಪಿನ ಕಬ್ಬಿಣದ ಡಬ್ಬಿಗೆ ತಾಗಿದರೆ ಕೇಳುವವನೂ ಗಪ್ ಆಗುತ್ತಾನೆ. ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ ಮಾಡಿದ್ದು ಚೆಂದಕ್ಕಲ್ಲ. ಪ್ಲಗ್ಗು ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಅರ್ಥ್ ಕೂಡಬೇಕು, ತೆಗೆಯುವಾಗ ಕಡೆಗೆ ಬಿಡಬೇಕು, ಅದಕ್ಕೆ. 230 ವೋಲ್ಟಿನ ಪೆಟ್ಟಿಗೆಗೆ ವಯರು ಕಟ್ಟಿ ಅದನ್ನು ತಲೆ ಮೇಲೆ ಹಾಕಿಕೊಂಡು ಕೂರುವ ಹವ್ಯಾಸದವರಿಗೆ ಇಂಥ ಸಲಹೆ ಕೊಡಬಾರದು. ಅವನಿಗೂ ಚಹಾ ಕೊಟ್ಟು ಕಳಿಸಿದೆವು.

ಕಾಯಿಲೆ ಪತ್ತೆ ಹಚ್ಚಿದವರು ನಮ್ಮ ಸೋದರಮಾವ. ಅವರಿಗೆ ಇಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು, ಬೆರಳು ಪೇಟಿಯ ಮೇಲೆ ತಡಕಾಡಿತು. "ಬಿಳಿ ಒಂದು ಷಡ್ಜ ಹಿಡಿ. ಇದು ಪಂಚಮ. ಮಂದ್ರದ್ದಲ್ಲ, ಅದರ ಕೆಳಗಿಂದು. ಒಂದೆಳಿ ಏರೈತಿ."

ಲೆಕ್ಕ ಹಾಕಿ ನೋಡಿದೆ. ಬಿಳಿ ಒಂದರ, ಅಂದರೆ ಪೇಟಿಯ ಒಂದನೇ ಬಿಳಿ ಮನೆಯ ಷಡ್ಜಕ್ಕೆ ಮಂದ್ರ ಪಂಚಮ ಸುಮಾರು 98 ಹರ್ಟ್ಜ್ (ಸೆಕೆಂಡಿಗೆ 98 ಕಂಪನ), ಅದರ ಕೆಳಗಿನ ಸಪ್ತಕದ್ದು ಅರ್ಧ, 49. ನಮ್ಮ ಕರೆಂಟು 50. ಒಂದೆಳೆ ಏರು! ಅಮೆರಿಕದ ಕರೆಂಟು 60 ಹರ್ಟ್ಜ್, ಅಂದರೆ ಕೋಮಲ ನಿಷಾದಕ್ಕೂ ಶುದ್ಧ ನಿಷಾದಕ್ಕೂ ನಡುವೆ ಎಲ್ಲೋ ಬೇಸುರು. ಅದನ್ನು ಕೇಳಿ ಮಾವ ಅಲ್ಲಿನ ಜನರ ಬಗ್ಗೆ ಬಹಳ ಮರುಗಿದರು.

ಈ ಸಪ್ತಕದ ಸಂಗತಿಯೇ ಗುಟ್ಟು ಬಿಟ್ಟುಕೊಟ್ಟಿತು. ಆಂಪಿನ ಪವರ್ ಸಪ್ಲೈ ಕೆಟ್ಟಿದ್ದರೆ, ಒಳಗೆ ಕರೆಂಟಿನ ಏರಿಳಿತ ತಗ್ಗಿಸುವ ದೊಡ್ಡ ಕೆಪ್ಯಾಸಿಟರ್ ಮುದಿಯಾಗಿದ್ದರೆ, ಗುಂಯ್ ಸಾಮಾನ್ಯವಾಗಿ 100 ಹರ್ಟ್ಜಿನಲ್ಲಿ ಬರುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ಅಲೆಯ ಎರಡೂ ಮಗ್ಗುಲನ್ನು ಒಂದೇ ಕಡೆ ಮಡಚುವುದರಿಂದ ಕಂಪನ ಇಮ್ಮಡಿ. 50 ಕೇಳಿದರೆ ಕಳ್ಳ ಬಹುಮಟ್ಟಿಗೆ ಹೊರಗಿನವನು. ಕಂಪ್ಯೂಟರಿನಿಂದ ಆಂಪಿಗೆ ಬರುವ ಕೇಬಲ್ ಕಿತ್ತೆ. ನಿಶ್ಶಬ್ದ. ಅದೇ ಜಾಗಕ್ಕೆ ಮೊಬೈಲ್ ಚುಚ್ಚಿದೆ. ಆಗಲೂ ನಿಶ್ಶಬ್ದ, ಮೊಬೈಲಿಗೆ ಅರ್ಥಿನ ಗೊಡವೆಯೇ ಇಲ್ಲವಲ್ಲ. ಕಂಪ್ಯೂಟರ್ ಚುಚ್ಚಿದರೆ ಪಂಚಮ ಹಾಜರ್.

ನಮ್ಮ ಮಾಳಿಗೆ ಕೋಣೆ ಆಮೇಲೆ ಕಟ್ಟಿದ್ದು. ಕಟ್ಟುವಾಗ ಅದಕ್ಕೇ ಬೇರೆ ಅರ್ಥಿಂಗ್ ಗುಂಡಿ ತೋಡಿದ್ದರು. ಕಂಪ್ಯೂಟರ್ ಆ ಹೊಸ ವಯರಿಂಗಿನ ಬೋರ್ಡಿನಲ್ಲಿತ್ತು. ಆಂಪ್ ಇದ್ದದ್ದು ಎದುರು ಗೋಡೆಯ ಬೋರ್ಡಿನಲ್ಲಿ, ಅದಕ್ಕೆ ಕೆಳಗಿನ ಹಳೇ ಮನೆಯಿಂದ ಲೈನು. ಎರಡು ಗುಂಡಿ ಎಂದರೆ ಪಾಲಾದ ಅಣ್ಣತಮ್ಮಂದಿರ ಹಾಗೆ: ಹೆಸರಿಗೆ ಎರಡೂ ಸೊನ್ನೆ ವೋಲ್ಟು, ಆದರೆ ಒಬ್ಬರ ಸೊನ್ನೆ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ. ಆ ಚೂರು ವ್ಯತ್ಯಾಸ ಹಾಡು ಹೊರುವ ಕೇಬಲ್ಲಿನ ಹೊರ ಜಾಳಿಗೆಯಲ್ಲಿ ಹರಿಯುತ್ತದೆ. ಯಾವುದು ಹಾಡು, ಯಾವುದು ಜಗಳ ಎಂದು ಆಂಪಿಗೆ ತಿಳಿಯುವುದಿಲ್ಲ, ಎರಡನ್ನೂ ದೊಡ್ಡದು ಮಾಡಿ ಕಿವಿಗೆ ಬಿಡುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ.

ಎರಡರ ನಡುವಿನ ನೇರ ವಯರಿನ ಸಂಬಂಧ ತಪ್ಪಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ತರಬಹುದು, ಆಂಪಿಗೆ ಕಿಂಡಿ ಇದ್ದರೆ ಹಾಡನ್ನು ಬೆಳಕಿನಲ್ಲಿ ಸಾಗಿಸುವ ಆಪ್ಟಿಕಲ್ ಕೇಬಲ್ ಹಾಕಿ ತಾಮ್ರದ ಸಂಬಂಧವನ್ನೇ ಕಡಿಯಬಹುದು. ನಾವು ಒಂದು ಎಕ್ಸ್‌ಟೆನ್ಶನ್ ಬೋರ್ಡು ತಂದು ಎರಡನ್ನೂ ಅದಕ್ಕೇ ಚುಚ್ಚಿದೆವು. ಅರ್ಥ್ ಒಂದೇ ಆಯಿತು, ಪಂಚಮ ಹೋಯಿತು. ಎರಡು ಗುಂಡಿಗಳನ್ನೂ ಸರಿಯಾಗಿ ಒಂದಕ್ಕೊಂದು ಕೂಡಿಸಬೇಕು, ಅದನ್ನು ಬಲ್ಲವನಿಂದಲೇ ಮಾಡಿಸಬೇಕು ಎಂದು ಹೇಳಿದೆ. "ನೀರಿಲ್ಲದ ಕೆಲಸಾದರ ಮಾಡಸು" ಎಂದಳು ಅವ್ವ.

ಮಾವನ ಹೆಸರು ಓಣಿಯಲ್ಲಿ ಹಬ್ಬಿದೆ. ಮೊನ್ನೆ ಎದುರು ಮನೆಯವರು ಫ್ರಿಜ್ಜು ಸದ್ದು ಮಾಡುತ್ತದೆಂದು ಕರೆದರು. ಮಾವ ಬಾಗಿಲಿಗೆ ಕಿವಿಯಿಟ್ಟು ಬಹಳ ಹೊತ್ತು ಕೂತರು. "ಇದೂ ಪಂಚಮನ ಐತ್ರಿ, ಮಂದ್ರದ್ದು. ಅಡ್ಡಿಯಿಲ್ಲ. ಆದರ ನಡುನಡುವ ಗಮಕ ತಗೀತೈತಿ. ಮೆಕ್ಯಾನಿಕ್‌ನ ಕರಸ್ರಿ."