ಬಾಯಿ ಬಿಟ್ಟವರಿಗೆ ವಾದ್ಯಸಂಗೀತದ ಪ್ರಶಸ್ತಿ

77ನೇ ವಯಸ್ಸಿನಲ್ಲಿ ಬರ್ಟ್ ಬ್ಯಾಕರಾಕ್ ಅವರಿಗೆ ಬರಬಾರದ ಬುದ್ಧಿ ಬಂತು. ಮನಸ್ಸಿಗೆ ಅನಿಸಿದ್ದನ್ನು ಹಾಡಿನಲ್ಲಿ ಹೇಳಬೇಕು ಅಂತ.

ಅಲ್ಲಿಯವರೆಗೆ ಅವರಷ್ಟು ಒಳ್ಳೆಯವರು ಇನ್ನೊಬ್ಬರಿರಲಿಲ್ಲ. ಅಮೆರಿಕದ ಪಾಪ್ ಸಂಗೀತಕ್ಕೆ ದಶಕಗಟ್ಟಲೆ ರಾಗ ಹಾಕಿದವರು. 1960ರ ದಶಕದಲ್ಲಿ ಮಾತು ಬರೆಯೋದು ಹಾಲ್ ಡೇವಿಡ್ ಕೆಲಸ, ಹಾಡೋದು ಡಿಯೋನ್ ವಾರ್ವಿಕ್ ಕೆಲಸ, ಪಿಯಾನೊ ಮುಂದೆ ಕೂರೋದು ಇವರ ಕೆಲಸ. 1970ರಲ್ಲಿ ‘ರೇನ್‌ಡ್ರಾಪ್ಸ್ ಕೀಪ್ ಫಾಲಿನ್ ಆನ್ ಮೈ ಹೆಡ್’ ಅನ್ನೋ ಮಳೆಹನಿಯ ಹಾಡಿಗೆ ಆಸ್ಕರ್ ಕೂಡ ಬಂತು. ಲಿಫ್ಟಿನಲ್ಲಿ, ಹೋಟೆಲ್ ಲಾಬಿಯಲ್ಲಿ, ವಿಮಾನ ಮೇಲೇಳುವ ಮುಂಚೆ ಇವರ ರಾಗ ಸಣ್ಣಗೆ ಕೇಳುತ್ತಿತ್ತು. ಯಾರೂ ಕಿವಿ ಕೊಡುತ್ತಿರಲಿಲ್ಲ, ಆದ್ದರಿಂದ ಎಲ್ಲರಿಗೂ ಇಷ್ಟ. ತುಟಿ ಬಿಚ್ಚದ ಹಿರಿಯರ ಮೇಲೆ ಜನಕ್ಕೆ ಎಲ್ಲಿಲ್ಲದ ಗೌರವ ಅಲ್ವಾ?

2005ರಲ್ಲಿ ‘ಅಟ್ ದಿಸ್ ಟೈಮ್’ ಅನ್ನೋ ಆಲ್ಬಮ್ ಬಂತು. ಅಮೆರಿಕ ಇರಾಕ್ ಮೇಲೆ ಯುದ್ಧ ಶುರು ಮಾಡಿ ಎರಡು ವರ್ಷ ಕಳೆದಿತ್ತು. ಈ ಸಲ ಬ್ಯಾಕರಾಕ್ ಮಾತಿಗೂ ತಾವೇ ಕೈ ಹಾಕಿದ್ದರು. ಜೊತೆಗೆ ಟೋನಿಯೊ ಕೆ ಅನ್ನೋ ಗೀತರಚನೆಕಾರ ಇದ್ದರು. ನಮಗೆ ಸುಳ್ಳು ಹೇಳುತ್ತಾ ಬಂದಿರುವ ಈ ಜನ ಯಾರಪ್ಪಾ ಅಂತ ಒಂದು ಹಾಡು ನೇರವಾಗಿ ಕೇಳುತ್ತದೆ. ಅದನ್ನು ಹಾಡಿದ್ದು ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೊ. ಇನ್ನು ಕೆಲವು ಹಾಡುಗಳಲ್ಲಿ ಡ್ರಮ್ಮಿನ ತಾಳ ಕೊಟ್ಟವರು ರ‍್ಯಾಪ್ ಲೋಕದ ಡಾಕ್ಟರ್ ಡ್ರೇ.

ಕೇಳುಗರ ಅಭಿಪ್ರಾಯಗಳು ಶುರುವಾದವು.

ಹಿರಿಯರ ಸೋಲೊ ಆಲ್ಬಮ್ಮಿಗೆ ಬರುವ ಅಭಿಪ್ರಾಯಗಳಿಗೆ ಒಂದು ವಿಶೇಷ ಉಂಟು. ಅವು ಆಲ್ಬಮ್ಮಿಗಿಂತ ಮೊದಲೇ ಸಿದ್ಧವಾಗಿರುತ್ತವೆ. ಹಳೇ ಥರಾನೇ ಇದ್ದರೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’. ಹೊಸದೇನಾದ್ರೂ ಮಾಡಿದರೆ ‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?’ ತಾವೇ ಹಾಡಿದರೆ ಗಂಟಲು ಹೋಗಿದೆ. ಬೇರೆಯವರ ಕೈಲಿ ಹಾಡಿಸಿದರೆ ಇದು ಸೋಲೊ ಹೇಗಾಯ್ತು ಅಂತ ತಕರಾರು. ಮೂರನೇ ಹಾಡಿನವರೆಗೂ ಕೇಳದವರು ಹತ್ತನೇ ಹಾಡಿನ ಬಗ್ಗೆ ಗಾಢವಾಗಿ ಬೇಸರ ಪಟ್ಟುಕೊಳ್ಳುತ್ತಾರೆ. ‘ನಾನು ಇವರ ದೊಡ್ಡ ಅಭಿಮಾನಿ, ಆದರೆ’ ಅಂತ ಶುರುವಾಗುವ ಅಭಿಪ್ರಾಯ ನೋಡಿದರೆ ನೀವು ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ‘ಆದರೆ’ ಆದಮೇಲೆ ಅಭಿಮಾನಕ್ಕೆ ಜಾಗ ಇರೋದಿಲ್ಲ.

ಕಸುಬಿನ ವಿಮರ್ಶಕರೇನೂ ಕಡಿಮೆಯಿಲ್ಲ. 1971ರಲ್ಲಿ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ, ಹೆಂಡತಿ ಲಿಂಡಾ ಜೊತೆ ‘ರ‍್ಯಾಮ್’ ಆಲ್ಬಮ್ ತಂದಾಗ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಅದನ್ನು ಹಿಗ್ಗಾಮುಗ್ಗಾ ತರಾಟೆಗೆ ತಗೊಂಡಿತ್ತು. ಅದೇ ಪತ್ರಿಕೆ 2020ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್ಮುಗಳ ಪಟ್ಟಿ ಮಾಡಿದಾಗ ‘ರ‍್ಯಾಮ್’ ಅದರಲ್ಲಿ ಹಾಯಾಗಿ ಕೂತಿತ್ತು. ನಡುವೆ ಆಲ್ಬಮ್ಮಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಬ್ಯಾಕರಾಕ್ ವಿಷಯದಲ್ಲಿ ಮುಖ್ಯ ದೂರು ಒಂದೇ. ‘ನಮಗೆ ರಾಜಕೀಯ ಬೇಡ ಸ್ವಾಮಿ. ಸುಮ್ನೆ ಮೊದಲಿನ ಹಾಗೆ ಪ್ರೀತಿ ಪ್ರೇಮದ ಹಾಡು ಮಾಡಿ.’

ಈ ‘ಮೊದಲಿನ ಹಾಗೆ’ ಅಂದರೆ ಏನು ಅಂತ ನೋಡಿಬಿಡೋಣ. ಡಿಯೋನ್ ವಾರ್ವಿಕ್ ಹಾಡಿದ, 1967ರಲ್ಲಿ ಬಂದ ‘ಐ ಸೇ ಎ ಲಿಟಲ್ ಪ್ರೇಯರ್’ ತಗೊಳ್ಳಿ. ಒಬ್ಬಳು ಬೆಳಗ್ಗೆ ಏಳುತ್ತಾಳೆ. ಮುಖಕ್ಕೆ ಮೇಕಪ್ ಹಚ್ಚುವ ಮೊದಲೇ ತನ್ನವನಿಗಾಗಿ ಒಂದು ಪ್ರಾರ್ಥನೆ ಹೇಳುತ್ತಾಳೆ. ತಲೆ ಬಾಚುವಾಗಲೂ, ಕೆಲಸಕ್ಕೆ ಬಸ್ಸಿನಲ್ಲಿ ಹೊರಟಾಗಲೂ ಅದೇ ಪ್ರಾರ್ಥನೆ. ಎಂಥ ಮುದ್ದಾದ ಹಾಡು ಅಂತ ಜನ ಮದುವೆಗಳಲ್ಲೂ ಹಾಡಿಕೊಂಡರು. ಯಾಕಮ್ಮಾ ಇಷ್ಟೊಂದು ಪ್ರಾರ್ಥನೆ, ಅವನು ಎಲ್ಲಿಗೆ ಹೋಗಿದ್ದಾನೆ ಅಂತ ಕೇಳಿದವರು ಕಡಿಮೆ. ಹಾಲ್ ಡೇವಿಡ್ ಬರೆಯುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ವಿಯೆಟ್ನಾಂ ಯುದ್ಧಕ್ಕೆ ಹೋದವನಿಗಾಗಿ ಮನೆಯಲ್ಲಿ ಕಾಯುವ ಹೆಣ್ಣು. ಅದೇ ವರ್ಷ ಅದೇ ಮೂವರು ‘ದಿ ವಿಂಡೋಸ್ ಆಫ್ ದಿ ವರ್ಲ್ಡ್’ ಅಂತ ಇನ್ನೊಂದು ಹಾಡು ಮಾಡಿದ್ದರು. ಅದರಲ್ಲೂ ಯುದ್ಧದ್ದೇ ಸಂಕಟ.

ಅಂದಮೇಲೆ ಸಿಟ್ಟು ಇರೋದು ರಾಜಕೀಯದ ಮೇಲಲ್ಲ. ಅದು ಕೇಳಿಸಿಬಿಟ್ಟಿತಲ್ಲ ಅನ್ನೋದರ ಮೇಲೆ. 1967ರಲ್ಲಿ ಯುದ್ಧವನ್ನು ಎಷ್ಟು ಚೆನ್ನಾಗಿ ಮುಚ್ಚಿ ಕೊಟ್ಟಿದ್ದರು ಅಂದರೆ, ಕೇಳುಗರು ಒಂದು ತೊಟ್ಟೂ ನೋವಾಗದೆ ನುಂಗಿದ್ದರು. 2005ರಲ್ಲಿ ಹೊದಿಕೆ ತೆಗೆದರು. ಜನಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಹೊದಿಕೆ ಅಂದರೆ ರಾಗದ್ದು. ಆ ಪ್ರಾರ್ಥನೆ ಹಾಡಿನ ಪಲ್ಲವಿಗೆ ಒಮ್ಮೆ ಚಪ್ಪಾಳೆ ಹಾಕಿ ನೋಡಿ. ನಾಲ್ಕು ನಾಲ್ಕರ ಎಣಿಕೆಯ ಮಧ್ಯೆ ಮೂರರದ್ದೊಂದು ನುಸುಳುತ್ತದೆ. ನಿಮ್ಮ ಕೈ ತಪ್ಪುತ್ತದೆ, ಹಾಡು ಮಾತ್ರ ಏನೂ ಆಗದವರ ಹಾಗೆ ಮುಂದೆ ಹೋಗಿರುತ್ತದೆ. ಇಷ್ಟು ತಾಳ ತಪ್ಪಿಸುವವರನ್ನು ಲಿಫ್ಟಿನ ಸಂಗೀತಗಾರ ಅಂತ ಕರೆದು ಮೂಲೆಗೆ ಕೂರಿಸಿದ್ದು ಕೇಳುಗರ ಇನ್ನೊಂದು ಸಾಧನೆ.

ನ್ಯಾಯವಾಗಿ ಹೇಳಬೇಕಂದ್ರೆ, ‘ಅಟ್ ದಿಸ್ ಟೈಮ್’ ಮಾತುಗಳು ಅಷ್ಟಕ್ಕಷ್ಟೇ. ಕೆಲವು ಕಡೆ ಭಾಷಣದ ಥರ ಇವೆ. ಹಾಲ್ ಡೇವಿಡ್ ಆಗಿದ್ದರೆ ಅದೇ ಸಿಟ್ಟನ್ನು ಒಂದು ಬಾಚಣಿಗೆಯಲ್ಲಿ, ಒಂದು ಬಸ್ಸಿನಲ್ಲಿ ಹೇಳಿ ಮುಗಿಸುತ್ತಿದ್ದರು. ರಾಗಗಳು ಮಾತ್ರ ಬಂಗಾರ. ಈ ಮಾತನ್ನು ಯಾರಾದ್ರೂ ಹೇಳಿದ್ದರೆ ಅದು ಅಭಿಪ್ರಾಯ. ‘ಅಜ್ಜ ಯಾಕೆ ಮಾತಾಡಿದರು’ ಅನ್ನೋದನ್ನು ಏನಂತ ಕರೆಯೋದೋ ನಾ ಕಾಣೆ.

ಇಷ್ಟಾದ ಮೇಲೆ ಗ್ರ್ಯಾಮಿಯವರು ಬಂದರು. ಕೇಳುಗರನ್ನೂ ಹಿರಿಯರನ್ನೂ ಒಟ್ಟಿಗೇ ಸಮಾಧಾನ ಮಾಡೋದು ಹೇಗೆ ಅಂತ ಅವರನ್ನು ನೋಡಿ ಕಲಿಯಬೇಕು. ಜೀವನದಲ್ಲಿ ಮೊದಲ ಸಲ ತಮ್ಮದೇ ಮಾತು ಬರೆದು, ಸರ್ಕಾರಕ್ಕೆ ಛೀಮಾರಿ ಹಾಕಿದವರ ಆಲ್ಬಮ್ಮಿಗೆ 2006ರಲ್ಲಿ ಅವರು ಕೊಟ್ಟ ಪ್ರಶಸ್ತಿ ಯಾವುದು ಗೊತ್ತಾ? ಅತ್ಯುತ್ತಮ ಪಾಪ್ ವಾದ್ಯಸಂಗೀತ ಆಲ್ಬಮ್. ಆಲ್ಬಮ್ಮಿನಲ್ಲಿ ವಾದ್ಯಗಳದ್ದೇ ಮೇಲುಗೈ, ಲೆಕ್ಕ ಸರಿಯಾಗೇ ಇದೆ ಅಂತ ನಿಯಮ ಬಲ್ಲವರು ಹೇಳಬಹುದು. ಇರಲಿ. ಲೆಕ್ಕ ಸರಿ ಇದ್ದಾಗಲೇ ನಗು ಜಾಸ್ತಿ ಬರೋದು. ‘ನೀವು ಕೂಗಿದ್ದು ಬಹಳ ಇಂಪಾಗಿತ್ತು, ಏನೂ ಕೇಳಿಸಲಿಲ್ಲ’ ಅಂತ ಶಾಲು ಹೊದಿಸಿ ಕಳಿಸಿದ ಹಾಗಾಯ್ತು. ಇದೇ ನಿಯಮ ವಿಸ್ತರಿಸಿದರೆ, ಪಾರ್ಲಿಮೆಂಟಿನಲ್ಲಿ ಒಬ್ಬರೇ ಎದ್ದು ಪ್ರತಿಭಟಿಸಿದವರಿಗೆ ಅತ್ಯುತ್ತಮ ನಿಲುವಂಗಿಯ ಪದಕ ಕೊಡಬಹುದು.

2023ರ ಫೆಬ್ರವರಿಯಲ್ಲಿ 94 ವರ್ಷದ ಬ್ಯಾಕರಾಕ್ ತೀರಿಕೊಂಡರು. ಸತ್ತವರು ಹೊಸ ಆಲ್ಬಮ್ ಮಾಡೋದಿಲ್ಲ, ಹಾಗಾಗಿ ಅಭಿಪ್ರಾಯಗಳು ಒಮ್ಮೆಲೇ ಸುಧಾರಿಸಿದವು. ಎಲ್ಲರೂ ತಮ್ಮ ಇಷ್ಟದ ಹಾಡು ಹಂಚಿಕೊಂಡರು. ರಾಜಕೀಯ ಬೇಡ ಅಂದ ನಮ್ಮ ಅಭಿಮಾನಿ ಇದ್ದಾರಲ್ಲ, ಅವರದ್ದು ಅದೇ ಪ್ರಾರ್ಥನೆ ಹಾಡು. ‘ಎಂಥ ಕಾಲ ಅದು, ಬರೀ ಪ್ರೀತಿ, ಒಂದು ಚೂರೂ ರಾಜಕೀಯ ಇರಲಿಲ್ಲ’ ಅಂತ ಕೆಳಗೊಂದು ಸಾಲು, ಪಕ್ಕದಲ್ಲಿ ಎರಡು ಕೆಂಪು ಹೃದಯ.